ಮಾಸ್ಟರ್ ಮೈಯೊಳಗಿನ ದಿಬ್ಬಣ

ಹೋದ ವಾರ ಮಾಸ್ಟರ್ ಅಂಗಡಿಗೆ ಬಂದವರೇ ಕೈಯಲ್ಲಿದ್ದ ಮೆರೂನ್ ಕೋಟನ್ನು ನನ್ನ ಕಟಿಂಗ್ ಟೇಬಲ್ ಮೇಲೆ ಹರಡಿದರು. ಟೇಬಲ್ ಮೇಲೆ ನಾನು ಚಾಕಿನಲ್ಲಿ ಗುರುತು ಹಾಕಿಟ್ಟಿದ್ದ ಸ್ಕೂಲ್ ಸ್ಕರ್ಟಿನ ಬಟ್ಟೆ ಇತ್ತು. ಅದರ ಗತಿ ಏನಾಯಿತು ಎಂದು ತಿರುಗಿ ಕೂಡ ನೋಡಲಿಲ್ಲ. "ಇದನ್ನ ನಮ್ ಬ್ಯಾಂಡಿನ ಆರೋಗ್ಯಂ ಸೈಜಿಗೆ ಮಾಡ್ಕೊಡು ಬೇಟಿ. ನಾನು ರಿಟೈರ್ ಆದೆ" ಎಂದು ಹೇಳಿ ಸ್ಟೂಲಿನ ಮೇಲೆ ಕೂತರು. ಸಕ್ಕರೆ ಹಾಕದ ಟೀ ತರಿಸು ಎಂದರು. ಟೀ ಬಂದ ಮೇಲೆ ನನ್ನ ಡಬ್ಬಿಯಿಂದ ಕ್ರೀಮ್ ಬಿಸ್ಕತ್ತು ತೆಗೆದು ತಿಂದರು. ಟೀಗೆ ಸಕ್ಕರೆ ಬೇಡ ಎಂದದ್ದು ಬಿಸ್ಕತ್ತಿಗೆ ಜಾಗ ಮಾಡುವುದಕ್ಕಂತೆ.

ಅವರು ಹೋದ ಮೇಲೆ ಆ ಕೋಟಿನ ಹೊಲಿಗೆ ಬಿಚ್ಚುತ್ತಾ ಕೂತಾಗ ಇದೆಲ್ಲ ಬರೆಯಬೇಕು ಅನ್ನಿಸಿತು. ಹೆಸರು ಬರೆಯುವುದಿಲ್ಲ. ಬರೆಯಲಾ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, ಬರೆದರೆ ಮದುವೆ ಪಾರ್ಟಿಯವರು ಕಾಯಿಲೆಯವನ ಬ್ಯಾಂಡು ಬೇಡ ಎಂದು ಬೇರೆ ಕಡೆ ಹೋಗುತ್ತಾರೆ, ಬೇಕಿದ್ದರೆ ಚೆಂದದವನು ಎಂದು ಬರೆದುಕೋ ಎಂದರು. ಬರೆದಿದ್ದೇನೆ. ಎತ್ತರದ ಆಳು, ಗೋರಂಟಿ ಹಾಕಿದ ಮೀಸೆ, ನಡೆಯುವಾಗ ಗಲ್ಲ ಸ್ವಲ್ಪ ಮೇಲೆ. ಚೆಂದದವರೇ.

ನನ್ನದು ಹಲಸೂರಿನ ಬಜಾರಿನ ಹಿಂದಿನ ಗಲ್ಲಿಯಲ್ಲಿ ಯೂನಿಫಾರಂ ಅಂಗಡಿ. ಅಪ್ಪ ಶುರು ಮಾಡಿದ್ದು. ಶಾಲೆ ಮಕ್ಕಳದ್ದು, ಸೆಕ್ಯೂರಿಟಿಯವರದ್ದು ಹೊಲಿದು ಹೊಟ್ಟೆ ತುಂಬುತ್ತದೆ. ಬ್ಯಾಂಡಿನವರ ಕೋಟು ಹೊಲಿದರೆ ಮನಸ್ಸು ತುಂಬುತ್ತದೆ. ಭುಜಕ್ಕೆ ಜರಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ, ನೆಟ್ಟಗೆ ನಿಲ್ಲುವ ಕಾಲರ್. ಮಾಸ್ಟರ್ ಶಿವಾಜಿನಗರದ ಒಂದು ಬ್ಯಾಂಡ್‌ಸೆಟ್ಟಿನ ಯಜಮಾನರು, ಮೊದಲ ಕ್ಲಾರಿನೆಟ್. ಅಪ್ಪನ ಕಾಲದಿಂದ ಅವರ ಬಟ್ಟೆ ನಮ್ಮಲ್ಲೇ. ಬ್ಯಾಂಡಿನವರ ಎದೆ ಅಳೆಯುವುದಕ್ಕೆ ಅಪ್ಪನದೇ ಒಂದು ಕಟ್ಟಳೆ ಇತ್ತು. ಉಸಿರು ಪೂರ್ತಿ ಎಳೆದುಕೊಳ್ಳಿ ಎನ್ನಬೇಕು, ಎದೆ ತುಂಬಿದಾಗ ಟೇಪು ಹಿಡಿಯಬೇಕು. ಬರೀ ಎದೆಗೆ ಹೊಲಿದರೆ ಮೊದಲ ಮದುವೆಯಲ್ಲೇ ಗುಂಡಿ ಹಾರಿ ಪುರೋಹಿತರ ತಟ್ಟೆಗೆ ಬೀಳುತ್ತದೆ ಎನ್ನುತ್ತಿದ್ದರು. ಮಾಸ್ಟರ್ ಎದೆ ತುಂಬಿದರೆ ಟೇಪು ನನ್ನ ಕೈಯಿಂದ ಜಾರುತ್ತಿತ್ತು. ಅಳತೆ ಕೊಡುವುದಕ್ಕಿಂತ ತೋರಿಸುವುದೇ ಅವರಿಗೆ ಖುಷಿ.

ನಮ್ಮಿಬ್ಬರ ಮೊದಲ ದೊಡ್ಡ ಜಗಳ ಗುಂಡಿಯಿಂದಲೇ ಆದದ್ದು. ಒಂದು ಮದುವೆ ಸೀಸನ್ನಿಗೆ ಮುಂಚೆ, ಆಗಿನ್ನೂ ಹೊಸದಾಗಿದ್ದ ಈ ಮೆರೂನ್ ಕೋಟು ಹಾಕಿ ನೋಡುವುದಕ್ಕೆ ಬಂದವರು ಗುಂಡಿ ಹಾಕಲಾಗದೆ ಒದ್ದಾಡಿದರು. ನಿನ್ನ ಕಾಜಾ ಚಿಕ್ಕದಾಗಿದೆ, ನಿಮ್ಮಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದುಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಹೊಲಿಗೆಯಲ್ಲಿ ಏನು ಬೇಕಾದರೂ ಅನ್ನಲಿ, ನನ್ನ ಕಾಜಾದ ತಂಟೆಗೆ ಬರಬಾರದು. ಕೊಡಿ ಇಲ್ಲಿ ಎಂದು ಗುಂಡಿಗಳನ್ನೆಲ್ಲ ನಾನೇ ಪಟಪಟನೆ ಹಾಕಿ ತೋರಿಸಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡು ನಿಂತರು. ಆಗ ನಾನೂ ನೋಡಿದೆ. ಎರಡೂ ಕೈಯ ಬೆರಳ ಬುಡದ ಗಂಟುಗಳು ಒಂದೇ ಥರ ಊದಿಕೊಂಡಿದ್ದವು.

ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗುವುದಿಲ್ಲ, ಪೇಪರ್ ಪೂರ್ತಿ ಓದಿ ಮುಗಿಸುವ ಹೊತ್ತಿಗೆ ಬೆರಳು ಸಡಿಲವಾಗುತ್ತದೆ ಎಂದು ಆಮೇಲೆ ಹೇಳಿದರು. ಅವರ ಹೆಂಡತಿ, ನಾನು ಆಪಾ ಎಂದು ಕರೆಯುವವರು, ದಿನವೂ ಬಿಸಿನೀರಿನ ಬೋಗುಣಿಯಲ್ಲಿ ಕೈ ಇಡಿಸುತ್ತಿದ್ದರಂತೆ. ಕೊನೆಗೆ ಆಪಾ ಅವರೇ ಎಳೆದುಕೊಂಡು ಹೋಗಿ ಕೀಲಿನ ಡಾಕ್ಟರಮ್ಮನಿಗೆ ತೋರಿಸಿದರು. ರಕ್ತ ಪರೀಕ್ಷೆ ಆಯಿತು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ವಯಸ್ಸಾಗಿ ಮಂಡಿ ಸವೆಯುವ ಬಗೆಯದಲ್ಲ, ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳ ಮೇಲೆ ಹೋಗುವ ಸಂಧಿವಾತ ಎಂದು ಆಕೆ ಬಿಡಿಸಿ ಹೇಳಿದರಂತೆ. ಮಾಸ್ಟರ್ ಅಂಗಡಿಗೆ ಬಂದು ಅದನ್ನು ತಮ್ಮ ಭಾಷೆಗೆ ತಿರುಗಿಸಿದರು.

"ನಮ್ ಬ್ಯಾಂಡ್‌ನವರೇ ನಮ್ಮನ್ನ ಹೊಡೀತಿದಾರೆ ಬೇಟಿ. ಸಂಬಳ ಕೊಟ್ಟಿದೀನಿ, ಆದ್ರೂ ಹೊಡೀತಿದಾರೆ."

ನಾನು ಆ ಕೋಟಿನ ಕಾಜಾಗಳನ್ನು ಮುಚ್ಚಿ ಒಳಗಡೆ ಟಿಚ್ ಬಟನ್ ಕೂರಿಸಿದೆ. ಹಿತ್ತಾಳೆ ಗುಂಡಿಗಳನ್ನು ಮೇಲುಗಡೆ ಬರೀ ಅಂದಕ್ಕೆ ಹೊಲಿದೆ. ಒಂದು ಕಡೆಯಿಂದ ಎಳೆದರೆ ಟಪಟಪನೆ ಎಲ್ಲ ಬಿಚ್ಚಿಕೊಳ್ಳುತ್ತದೆ, ಒತ್ತಿದರೆ ಕೂರುತ್ತದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಗಲ್ಲಿಯಲ್ಲಿ ಹೋಗಿಬರುವವರಿಗೆಲ್ಲ ಎಳೆದು ತೋರಿಸಿದರು. ಮದುವೆ ಮನೆಗಳಲ್ಲಿ ಹೆಣ್ಣಿನ ತಂದೆಯರಿಗೂ ತೋರಿಸುತ್ತಿದ್ದರಂತೆ. ನನಗೆ ಅದರಿಂದ ನಾಲ್ಕು ಆರ್ಡರ್ ಬಂದಿದ್ದರೆ ಸಂತೋಷಪಡುತ್ತಿದ್ದೆ, ಬರಲಿಲ್ಲ.

ಸಂಧಿವಾತ ಬಂದ ಮೇಲೆ ಒಂದೊಂದಾಗಿ ಬೇರೆಯವೂ ಬಂದವು. ಊತ ಇಳಿಯಲೆಂದು ಕೊಟ್ಟ ಮಾತ್ರೆಯಿಂದ ಮುಖ ದುಂಡಗಾಯಿತು, ಅಂಚಿನಲ್ಲಿದ್ದ ಸಕ್ಕರೆ ಕಾಯಿಲೆ ಒಳಗೆ ಬಂತು. ಹಿಂದೆಯೇ ಬಿ.ಪಿ. ಬಂತು. ಪ್ರತಿ ಸಲವೂ ಅವರು ನನ್ನ ಅಂಗಡಿಗೆ ಬಂದು ನೆಂಟರ ಆಗಮನವನ್ನು ಹೇಳುವಂತೆ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಸಂಧಿವಾತ ಮದುಮಗ. ಸಕ್ಕರೆ ಅವನ ಅಣ್ಣ, ಎಲ್ಲದಕ್ಕೂ ಮೂಗು ತೂರಿಸುವವನು. ಬಿ.ಪಿ. ಅವನ ಅತ್ತೆ, ಯಾರಾದರೂ ಜೋರಾಗಿ ಮಾತಾಡಿದರೆ ಏರಿಬಿಡುವವಳು. "ಜಿಂದಗಿ ಪೂರಾ ಬಾರಾತ್ ನಡೆಸಿದೀನಿ, ನಿಮ್ಮಲ್ಲಿ ದಿಬ್ಬಣ ಅಂತೀರಲ್ಲ ಅದು. ಮದುಮಗ ಯಾವತ್ತಾದ್ರೂ ಒಬ್ನೇ ಬಂದಿದ್ದು ನೋಡಿದೀಯಾ?" ಎಂದು ನನ್ನನ್ನೇ ಕೇಳಿದರು. ನಾನು ನೋಡಿರಲಿಲ್ಲ.

ಆಮೇಲೆ ಕಣ್ಣು ಬಾಯಿ ಒಣಗುವುದಕ್ಕೆ ಶುರುವಾಯಿತು. ಇದೂ ಅದೇ ಮನೆತನದ್ದು, ಸಂಧಿವಾತದ ಜೊತೆ ಬರುವುದುಂಟು ಎಂದರಂತೆ ಡಾಕ್ಟರಮ್ಮ. ಬೇರೆಯವರಿಗಾದರೆ ನಾಲ್ಕು ಗುಟುಕು ನೀರು ಕುಡಿದರೆ ಮುಗಿಯಿತು. ಕ್ಲಾರಿನೆಟ್ ಊದುವವನ ಬಾಯಿ ಒಣಗಿದರೆ ರೀಡು ಒಣಗುತ್ತದೆ. ಮೂತಿಯಲ್ಲಿ ಕೂತಿರುವ ಆ ಬೆತ್ತದ ಚೂರು ಒದ್ದೆಯಾಗಿರಬೇಕು, ಇಲ್ಲದಿದ್ದರೆ ಕಿರ್ರೆನ್ನುತ್ತದೆ. ಹಾಗಾಗಿ ಕೋಟಿನ ಲೈನಿಂಗಿನಲ್ಲಿ ಒಂದು ಪುಟ್ಟ ನೀರಿನ ಬಾಟಲಿಗೆ ಜೇಬು ಹೊಲಿದೆ. ಅದರ ಪಕ್ಕ ಕಣ್ಣಿನ ಡ್ರಾಪ್ಸಿಗೆ ಒಂದು ಜೇಬು. ಮಾತ್ರೆಗೆ ಇನ್ನೊಂದು. ಸಕ್ಕರೆ ಇಳಿದರೆ ಇರಲಿ ಎಂದು ಪೆಪ್ಪರಮೆಂಟಿಗೆ ಮತ್ತೊಂದು, ಅದು ಮಾತ್ರ ಯಾವಾಗಲೂ ಖಾಲಿ. ಹೊರಗಿನಿಂದ ನೋಡಿದರೆ ಮಹಾರಾಜರ ಕೋಟು, ಒಳಗೆ ತೆರೆದರೆ ಮೆಡಿಕಲ್ ಸ್ಟೋರು.

ಆ ಡ್ರಾಪ್ಸಿನ ಕಥೆಯೊಂದಿದೆ. ಕೆ.ಆರ್. ಪುರದ ಕಡೆ ಒಂದು ಮದುವೆ. ಹೆಣ್ಣು ಕಳಿಸುವ ಹೊತ್ತು, ಎಲ್ಲರೂ ಅಳುತ್ತಿದ್ದಾರೆ, ಬ್ಯಾಂಡಿನವರು ಮೆಲ್ಲಗೆ ಏನೋ ಊದಿ ನಿಲ್ಲಿಸಿದ್ದಾರೆ. ಮಾಸ್ಟರ್ ಕಣ್ಣು ಉರಿಯುತ್ತಿದೆ ಎಂದು ಕಂಬದ ಮರೆಗೆ ಹೋಗಿ ಡ್ರಾಪ್ಸ್ ಹಾಕಿಕೊಂಡು, ಕೆನ್ನೆ ಮೇಲೆ ನೀರಿಳಿಸಿಕೊಂಡು ಈಚೆ ಬಂದರು. ಹೆಣ್ಣಿನ ತಾಯಿ ಅದನ್ನು ನೋಡಿದ್ದೇ, ಬ್ಯಾಂಡಿನ ಯಜಮಾನರೇ ನನ್ನ ಮಗಳಿಗೋಸ್ಕರ ಅಳುತ್ತಿದ್ದಾರಲ್ಲ ಎಂದು ಇನ್ನಷ್ಟು ಅತ್ತು, ಕೂರಿಸಿ, ಪಕ್ಕದಲ್ಲೇ ನಿಂತು ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಡಿಸಿದರಂತೆ. ತಾಯಿ ಮನಸ್ಸು ನೋಯಿಸಬಾರದು ಎಂದು ತಿಂದರಂತೆ. ಅವತ್ತು ಸಕ್ಕರೆ ಎಷ್ಟಕ್ಕೆ ಹೋಗಿತ್ತು ಎಂಬುದನ್ನು ಆಪಾ ಇವತ್ತಿಗೂ ಎತ್ತಿ ಆಡುತ್ತಾರೆ.

ಆಪಾ ಕುಳ್ಳಗೆ, ಬಿಗಿಯಾಗಿ, ಯಾವಾಗಲೂ ಒಂದು ದೊಡ್ಡ ಚೀಲದ ಜೊತೆ ಇರುವವರು. ಮಾತ್ರೆಗಳನ್ನೆಲ್ಲ ನಮಾಜಿನ ಹೊತ್ತುಗಳಿಗೆ ಕಟ್ಟಿಹಾಕಿದ್ದರು. ದೇವರಿಗೆ ಹೆದರದಿದ್ದರೂ ನನಗೆ ಹೆದರಿ ಎರಡನ್ನೂ ಮಾಡುತ್ತಾರೆ ಎನ್ನುತ್ತಿದ್ದರು. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಕೀಲಿನ ಮಾತ್ರೆ ಒಂದಿತ್ತು. ಅದನ್ನು ದಿನವೂ ನುಂಗಿದರೆ ಅಪಾಯ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಆಪಾ ಅದನ್ನು ಶುಕ್ರವಾರಕ್ಕೆ ಇಟ್ಟು, ಮಿಕ್ಕ ದಿನ ಬೀರುವಿನಲ್ಲಿ ಬೀಗ ಹಾಕುತ್ತಿದ್ದರು. ಕಷ್ಟ ಇದ್ದದ್ದು ಡಾಕ್ಟರುಗಳ ಮಧ್ಯೆ. ಸಕ್ಕರೆಯವರು ಚೆನ್ನಾಗಿ ನಡೆಯಿರಿ ಎನ್ನುತ್ತಿದ್ದರು, ಮಂಡಿಯವರು ಕಡಿಮೆ ನಡೆಯಿರಿ ಎನ್ನುತ್ತಿದ್ದರು. ಒಬ್ಬರ ಮಾತ್ರೆ ಇನ್ನೊಬ್ಬರ ಕೆಲಸ ಕೆಡಿಸುತ್ತಿತ್ತು. ಅವರವರು ಅವರವರ ನೆಂಟನನ್ನು ಮಾತ್ರ ವಿಚಾರಿಸಿ ಕಳಿಸುತ್ತಿದ್ದರು. ಬೀಗರ ಜಗಳದ ನಡುವೆ ಊಟ ಬಡಿಸುವವನ ಸ್ಥಿತಿ ನನ್ನದು ಎಂದು ಮಾಸ್ಟರ್ ನಗುತ್ತಿದ್ದರು.

ಇಷ್ಟೆಲ್ಲದರ ನಡುವೆ ಅವರ ಕ್ಲಾರಿನೆಟ್ ಮಾತ್ರ ಹಾಗೇ ಇತ್ತು. ಬೆರಳಿನ ಓಟ ಕಡಿಮೆಯಾದಾಗ ವೇಗದ ಹಾಡುಗಳನ್ನು ಆರೋಗ್ಯಂಗೆ ಬಿಟ್ಟುಕೊಟ್ಟರು. ಆದರೆ ದಿಬ್ಬಣ ಹೊರಡುವ ಮುಂಚಿನ ಸಲಾಮಿಯನ್ನು ಬಿಡಲಿಲ್ಲ. ಸಲಾಮಿ ಎಂದರೆ ಒಂದೇ ಒಂದು ಉದ್ದ ಸ್ವರ. ಡೋಲು ಸುಮ್ಮನಿರುತ್ತದೆ, ಬೀದಿ ತಿರುಗಿ ನೋಡುತ್ತದೆ, ಅದು ಎಳೆದೂ ಎಳೆದೂ ನಿಂತ ಮೇಲೆ ಮೆರವಣಿಗೆ ಹೆಜ್ಜೆ ಎತ್ತುತ್ತದೆ. ಅದಕ್ಕೆ ಬೆರಳು ಬೇಡ, ಉಸಿರು ಸಾಕು. ಉಸಿರು ಇರೋವರೆಗೂ ಸಲಾಮಿ ನಂದೇ ಎಂದು ಅವರು ಹೇಳಿದ್ದು ನೆನಪಿದೆ.

ಆರೋಗ್ಯಂ ಅವರ ಎರಡನೇ ಕ್ಲಾರಿನೆಟ್. ಪೂರ್ತಿ ಹೆಸರು ಆರೋಗ್ಯಸ್ವಾಮಿ, ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳಿನವನು, ನನ್ನ ವಯಸ್ಸಿನವನೇ, ಕೋಟು ಹಾಕಿಸಿದರೆ ಹ್ಯಾಂಗರಿಗೆ ಹಾಕಿದ ಹಾಗಿರುತ್ತದೆ. ಮಾತು ಕಡಿಮೆ. ಆರೋಗ್ಯ ನನ್ನ ಪಕ್ಕದಲ್ಲೇ ನಿಂತಿದೆ, ನನಗೇನು ಭಯ ಎಂದು ಮಾಸ್ಟರ್ ಎಲ್ಲರೆದುರು ಅವನ ಬೆನ್ನು ತಟ್ಟುತ್ತಿದ್ದರು. ಅವನು ಭಾನುವಾರ ಪೂಜೆ ಮುಗಿಸಿಕೊಂಡು ಚರ್ಚಿನಿಂದ ನೇರ ಮಾಸ್ಟರ್ ಮನೆಗೆ ಹೋಗಿ ತಿಂಡಿ ತಿನ್ನುತ್ತಿದ್ದವನು. ಅವರ ಬ್ಯಾಂಡಿನಲ್ಲಿ, ಮಾಸ್ಟರಿಗೆ ಕಲಿಸಿದ ಉಸ್ತಾದರ ಕಾಲದಿಂದ ಬಂದ ಒಂದು ಪದ್ಧತಿ ಇದೆ. ಮೊದಲ ಕ್ಲಾರಿನೆಟ್ಟಿನ ಸ್ವರ ಒಡೆಯಬಾರದು. ಅರ್ಧ ಹೆಜ್ಜೆ ಹಿಂದೆ ನಿಂತ ಎರಡನೆಯವನು ಮೊದಲಿನವರ ಉಸಿರು ಮುಗಿಯುವುದನ್ನು ಕಾದಿದ್ದು, ಮುಗಿಯುವುದಕ್ಕೆ ಚೂರು ಮುಂಚೆ ಅದೇ ಸ್ವರ ಹಿಡಿಯಬೇಕು. ಮೊದಲಿನವರು ಉಸಿರೆಳೆದುಕೊಂಡು ಮತ್ತೆ ಸೇರಿಕೊಳ್ಳುತ್ತಾರೆ. ಕೇಳುವವರಿಗೆ ಒಂದೇ ಉಸಿರು. ಎರಡನೆಯವನು ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಮೊದಲಿನವರ ಹತ್ತಿರವಂತೂ ಹೇಳಲೇಬಾರದು. ಅದು ಮರ್ಯಾದೆ.

ಈ ನಡುವೆ ಮಾಸ್ಟರ್ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು ಒಳಗೆ ಬರದೆ ಬಾಗಿಲಲ್ಲೇ ನಿಂತು ಬೀದಿ ನೋಡುವ ಅಭ್ಯಾಸ ಮಾಡಿಕೊಂಡಿದ್ದರು. ಬಿ.ಬಿ.ಎಂ.ಪಿ.ಯವರು ಚರಂಡಿ ಸರಿ ಮಾಡಿದ್ದಾರೋ ಇಲ್ಲವೋ ಎಂದು ಪರೀಕ್ಷೆ ಮಾಡುವವರ ಹಾಗೆ. ನಾವು ಮಂಡಿ ನೋವು ಎಂದುಕೊಂಡೆವು. ಅವರೂ ಮಂಡಿ ಎಂದುಕೊಂಡರು. ಒಣ ಕೆಮ್ಮು ಬಂತು, ಒಣಗಿದ ಬಾಯಿಯ ಮೇಲೆ ಹಾಕಿದೆವು. ಸುಸ್ತು ಬಂತು, ಸಕ್ಕರೆಯ ಮೇಲೆ ಹಾಕಿದೆವು. ಮನೆ ತುಂಬಾ ನೆಂಟರಿದ್ದಾಗ ತಪ್ಪು ಹೊರಿಸುವುದಕ್ಕೆ ಯಾರಾದರೂ ಸಿಗುತ್ತಾರೆ.

ಗೊತ್ತಾದದ್ದು ಹೊಸ ತಿಪ್ಪಸಂದ್ರದಲ್ಲಿ, ನಮ್ಮ ಚಿಕ್ಕಮ್ಮನ ಮೊಮ್ಮಗಳ ಮದುವೆಯ ಹಿಂದಿನ ಸಂಜೆ. ಬ್ಯಾಂಡು ನಾನೇ ಹೇಳಿಸಿದ್ದೆ. ಮಾರ್ಕೆಟ್ ರಸ್ತೆಯಲ್ಲಿ ಹೂವಿನ ಕಾರು ನಿಂತಿದೆ, ತರಕಾರಿ ಗಾಡಿಯವರು ಬೈದುಕೊಂಡು ಜರುಗುತ್ತಿದ್ದಾರೆ, ವರಪೂಜೆಯ ಹೊತ್ತು ಮೀರುತ್ತದೆ ಎಂದು ಚಿಕ್ಕಪ್ಪ ಕೂಗಾಡುತ್ತಿದ್ದಾರೆ. ಆರೋಗ್ಯಂ ಇನ್ನೂ ಕೆ.ಆರ್. ಪುರದ ಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಫೋನಿನಲ್ಲಿ ಕಾಯಿರಿ ಕಾಯಿರಿ ಎಂದು ಗೋಗರೆಯುತ್ತಿದ್ದನಂತೆ. ಸಲಾಮಿಗೆ ಅವನ್ಯಾಕೆ, ನಾನಿದ್ದೀನಲ್ಲ ಎಂದು ಮಾಸ್ಟರ್ ಕ್ಲಾರಿನೆಟ್ ಎತ್ತಿದರು.

ಸ್ವರ ಚೆನ್ನಾಗಿಯೇ ಎದ್ದಿತು. ಎದ್ದು ಒಂದಿಷ್ಟು ದೂರ ಹೋಗಿ ತುಂಡಾಯಿತು. ಜನ ಗಮನಿಸಲಿಲ್ಲ, ರೀಡಿನ ತೊಂದರೆ ಇರಬೇಕೆಂದು ನಾನೂ ಅಂದುಕೊಂಡೆ. ಅವರು ನೀರು ಕುಡಿದು, ನಕ್ಕು, ಮತ್ತೆ ಊದಿದರು. ಈ ಸಲ ಇನ್ನೂ ಬೇಗ ತುಂಡಾಯಿತು. ಡೋಲಿನವನು ಕೋಲೆತ್ತಿಕೊಂಡು ಹಾಗೇ ನಿಂತುಬಿಟ್ಟ. ಮೂರನೇ ಸಲ ಎತ್ತಿದ ಕ್ಲಾರಿನೆಟ್ಟನ್ನು ಬಾಯಿಗಿಡದೆ ಇಳಿಸಿ, ಹೂವಿನ ಅಂಗಡಿಯ ಕಟ್ಟೆಯ ಮೇಲೆ ಕೂತರು. ಓಡಿಹೋಗಿ ಕೋಟು ಎಳೆದೆ, ಟಿಚ್ ಬಟನ್ನುಗಳು ಟಪಟಪನೆ ಬಿಚ್ಚಿಕೊಂಡವು. ಒಳಗೆ ಎದೆ ಓಡೋಡಿ ಬಂದ ನಾಯಿಯ ಹೊಟ್ಟೆಯ ಹಾಗೆ ಬಡಿದುಕೊಳ್ಳುತ್ತಿತ್ತು.

ಸ್ಕ್ಯಾನ್ ಆಯಿತು. ಶ್ವಾಸಕೋಶದ ಕೆಳಭಾಗ ಗಟ್ಟಿಯಾಗುತ್ತಿದೆ ಎಂದರು. ಕೀಲಿಗೆ ಬಿದ್ದ ಸಂಧಿವಾತವೇ ಕೆಲವರಲ್ಲಿ ಶ್ವಾಸಕೋಶಕ್ಕೂ ಬೀಳುತ್ತದೆ, ಹೊಸ ಕಾಯಿಲೆಯಲ್ಲ, ಅದರದೇ ಕೈವಾಡ ಎಂದು ಡಾಕ್ಟರಮ್ಮ ವಿವರಿಸಿದರು. ಶುಕ್ರವಾರದ ಮಾತ್ರೆ ನಿಲ್ಲಿಸಿ ಬೇರೆ ಔಷಧ ಬರೆದರು. ಹೋಗಿದ್ದು ಹೋಯಿತು, ಇರುವುದನ್ನು ಹಿಡಿದು ನಿಲ್ಲಿಸಬಹುದು, ಆದರೆ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದರು. ಪಟಾಕಿ ಹೊಗೆ ಬೇಡ, ಧೂಳು ಬೇಡ, ನಡೆಯುತ್ತಾ ಊದುವುದಂತೂ ಬೇಡವೇ ಬೇಡ. ಹೊಗೆ, ಧೂಳು, ನಡೆಯುತ್ತಾ ಊದುವುದು ಬಿಟ್ಟರೆ ದಿಬ್ಬಣದಲ್ಲಿ ಇನ್ನೇನು ಉಳಿಯಿತು?

ಅವರಿಗೆ ಬೇಜಾರಾಯಿತು ಎಂದರೆ ಕಡಿಮೆ ಹೇಳಿದಂತೆ. ಅದಕ್ಕಿಂತ ಹೆಚ್ಚಿಗೆ ಸಿಟ್ಟು ಬಂದದ್ದು ಆರೋಗ್ಯಂ ಮೇಲೆ. ಆಸ್ಪತ್ರೆಯಲ್ಲೇ ಅವನು ಅಳುತ್ತಾ ಒಪ್ಪಿಕೊಂಡಿದ್ದ. ಒಂದು ವರ್ಷದಿಂದ ಸ್ವರವನ್ನು ಬೇಗ ಬೇಗ ಹಿಡಿಯಬೇಕಾಗುತ್ತಿತ್ತಂತೆ. ಮೊದಮೊದಲು ಮಾಸ್ಟರ್ ಪ್ರೀತಿಯಿಂದ ತನಗೆ ಅವಕಾಶ ಕೊಡುತ್ತಿದ್ದಾರೆ ಎಂದುಕೊಂಡನಂತೆ. ಆಮೇಲೆ ಅರ್ಥವಾದರೂ ಹೇಳುವ ಬಾಯಿ ಬರಲಿಲ್ಲವಂತೆ. ಕಲಿಸಿದ ಗುರುವಿಗೆ ನಿಮ್ಮ ಉಸಿರು ಕಡಿಮೆಯಾಗಿದೆ ಎಂದು ಹೇಳುವುದು ಹೇಗೆ? ಅವನು ಎಷ್ಟು ಚೆನ್ನಾಗಿ ಮುಚ್ಚಿದ್ದನೆಂದರೆ ಉಸಿರು ಹೋಗುತ್ತಿದ್ದವರಿಗೇ ಅದು ಕೇಳಿಸಿರಲಿಲ್ಲ. ಮನೆ ಕಡೆ ಬರಬೇಡ ಎಂದು ಮಾಸ್ಟರ್ ಅವನಿಗೆ ಹೇಳಿಬಿಟ್ಟರು.

ಕೆಲವು ದಿನ ಕಳೆದ ಮೇಲೆ ಆಪಾ ಚೀಲ ಹಿಡಿದುಕೊಂಡು ಅಂಗಡಿಗೆ ಬಂದರು. ಟೀ ಬೇಡ ಎಂದರು.

"ಮಾತ್ರೆ ಉಗೀತಾರಮ್ಮ. ಯಾತಕ್ಕೆ ತಗೋಬೇಕು ಅಂತಾರೆ. ಬೈದ್ರೂ ನಗಲ್ಲ, ಜೋಕು ಮಾಡಲ್ಲ. ಜೋಕು ಮಾಡ್ದೇ ಇರೋದು ನೋಡಿ ನಂಗೆ ಭಯ ಆಗ್ತಿದೆ."

ಆಪಾ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಔಷಧ ನಿಂತರೆ ಇರುವ ಉಸಿರೂ ಹೋಗುತ್ತದೆ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು. ಮನಸ್ಸು ಕುಸಿಯುವುದೂ ಈ ಕಾಯಿಲೆಯ ಜೊತೆಗೇ ಬರುತ್ತದೆ, ಅದನ್ನೂ ನೋಡಿಕೊಳ್ಳಬೇಕು ಎಂದಿದ್ದರಂತೆ. ನಾನು ಟೇಪನ್ನು ಕುತ್ತಿಗೆಗೆ ಹಾಕಿಕೊಂಡೆ, ಅಂಗಡಿಗೆ ಬಾಗಿಲು ಹಾಕಿದೆ, ದಾರಿಯಲ್ಲಿ ಆರೋಗ್ಯಂನನ್ನು ಮನೆಯಿಂದ ಎಬ್ಬಿಸಿ ಆಟೋಗೆ ಹತ್ತಿಸಿದೆ. ಬರುವುದಿಲ್ಲ ಎಂದ. ನಿನ್ನನ್ನು ಕೇಳಲಿಲ್ಲ ಎಂದೆ.

ಫ್ರೇಜರ್ ಟೌನಿನ ಅವರ ಮನೆಯಲ್ಲಿ ಮಾಸ್ಟರ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕ್ಲಾರಿನೆಟ್ಟಿನ ಪೆಟ್ಟಿಗೆ ಬೀರುವಿನ ಮೇಲೆ ಹೋಗಿತ್ತು. ಆರೋಗ್ಯಂ ಬಾಗಿಲಲ್ಲೇ ನಿಂತ. ನಾನು ಕುಶಲ ಕೇಳಲಿಲ್ಲ. ಏಳಿ, ಕೋಟಿಗೆ ಅಳತೆ ಬೇಕು ಎಂದೆ. ಯಾವ ಕೋಟು, ಯಾರಿಗೆ ಕೋಟು ಎಂದರು. ಹೊಲಿಯುವವಳು ನಾನು, ಅದು ನನ್ನ ತಲೆನೋವು ಎಂದೆ. ಜಗಳಕ್ಕಾದರೂ ಎದ್ದು ನಿಂತರು. ಎದೆಯ ಸುತ್ತ ಟೇಪು ಹಾಕಿ ಅಪ್ಪನ ಕಟ್ಟಳೆಯಂತೆ ಉಸಿರು ಎಳೆದುಕೊಳ್ಳಿ ಎಂದೆ. ಎಳೆದುಕೊಂಡರು. ನನ್ನ ಬೆರಳ ಸಂದಿಯಲ್ಲಿ ಟೇಪು ಅಲ್ಲಾಡಿತು ಅಷ್ಟೇ, ಜಾರಲಿಲ್ಲ. ಅವರು ತಲೆ ಬಗ್ಗಿಸಿ ಟೇಪನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಅಷ್ಟೇ.

ಬಾಗಿಲಲ್ಲಿ ಆರೋಗ್ಯಂ ಬಿಕ್ಕಿದ್ದು ಕೇಳಿಸಿತು. ಮಾಸ್ಟರ್ ತಿರುಗಿದರು.

"ಯಾಕೋ ಹೇಳ್ಲಿಲ್ಲ?"

"ನಿಮ್ ಸ್ವರ ಒಡೆಯೋದು ಜನ ಕೇಳ್ಬಾರ್ದು ಅಂತ, ಮಾಸ್ಟರ್."

"ಜನ ಕೇಳ್ದೇ ಇರ್ಲಿ. ನಾನು ಕೇಳ್ಬೇಕಿತ್ತಲ್ಲೋ. ಅದು ನನ್ ಉಸಿರು."

ಮಾಸ್ಟರ್ ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ, ನನ್ನ ಉಸ್ತಾದರ ಸ್ವರವನ್ನು ನಾನೂ ಹೀಗೇ ಮುಚ್ಚಿದ್ದೆ, ಅವರಿಗೂ ಯಾರೂ ಹೇಳಲಿಲ್ಲ ಎಂದು ಮೆಲ್ಲಗೆ ಹೇಳಿದರು. ಆಪಾ ಕೈಯಲ್ಲಿ ಮಾತ್ರೆ, ಲೋಟದಲ್ಲಿ ನೀರು ಹಿಡಿದುಕೊಂಡು ಯಾವಾಗ ಬಂದು ನಿಂತಿದ್ದರೋ ತಿಳಿಯದು. ಮಾಸ್ಟರ್ ಮಾತ್ರೆಯನ್ನು ನೋಡಿದರು, ಆರೋಗ್ಯಂನನ್ನು ನೋಡಿದರು.

"ಇವತ್ತಿಂದ ನಮ್ ಬ್ಯಾಂಡಲ್ಲಿ ಯಾರ ಉಸಿರು ಒಡದ್ರೂ ಒಡೀಲಿ. ಯಾರೂ ಮುಚ್ಚೋ ಹಾಗಿಲ್ಲ. ಒಪ್ಕೊಂಡ್ರೆ ನುಂಗ್ತೀನಿ."

ಆರೋಗ್ಯಂ ಒಪ್ಪಿಕೊಂಡ. ಮಾಸ್ಟರ್ ನುಂಗಿದರು. ನುಂಗಿ, ಲೋಟ ವಾಪಸ್ ಕೊಡುವಾಗ ಆಪಾಗೆ ಹೇಳಿದರು, ಪ್ರತಿ ಮದುವೆಯಲ್ಲೂ ಒಬ್ಬ ಇರುತ್ತಾನಲ್ಲ, ಗಂಡಿನವರು ಹೆಣ್ಣಿನ ಕಡೆಯವನು ಅಂದುಕೊಳ್ಳುತ್ತಾರೆ, ಹೆಣ್ಣಿನವರು ಗಂಡಿನ ಕಡೆಯವನು ಅಂದುಕೊಳ್ಳುತ್ತಾರೆ, ಅವನು ಮಾತ್ರ ಮೂಲೆಯಲ್ಲಿ ಕೂತು ಎಲ್ಲ ಪಂಕ್ತಿಯಲ್ಲೂ ಉಣ್ಣುತ್ತಾನೆ; ಶ್ವಾಸಕೋಶದವನು ಆ ಗಿರಾಕಿ. ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡು, ಸಾಕು ಬಾಯಿ ಮುಚ್ಚಿ ಎಂದರು. ಜೋಕು ಶುರುವಾಯಿತಲ್ಲ, ನನಗೆ ಎದ್ದು ಕುಣಿಯಬೇಕು ಅನ್ನಿಸಿತು.

ಆಮೇಲೆ ಆರೋಗ್ಯಂ ದಿನಾ ಬೆಳಗ್ಗೆ ಅವರ ಮನೆಗೆ ಹೋಗಿ ಉಸಿರಿನ ವ್ಯಾಯಾಮ ಮಾಡಿಸತೊಡಗಿದ. ಕೊಳವೆಯಲ್ಲಿ ಉಸಿರೆಳೆದರೆ ಮೂರು ಬಣ್ಣದ ಚೆಂಡು ಮೇಲೇಳುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಬ್ಯಾಂಡಿನವರೆಲ್ಲ ತಮಗೊಂದೊಂದು ಕೊಂಡುಕೊಂಡು ಶಿವಾಜಿನಗರದ ಬ್ಯಾಂಡ್ ಆಫೀಸಿನಲ್ಲಿ ಪಂದ್ಯ ಕಟ್ಟಿ ಎಳೆಯತೊಡಗಿದರು. ಟ್ರಂಪೆಟ್ಟಿನವನೊಬ್ಬನಿಗೆ ಎರಡೇ ಚೆಂಡು ಎದ್ದದ್ದು, ಮಾಸ್ಟರ್ ಅವನನ್ನು ಹಿಡಿದು ಡಾಕ್ಟರ ಹತ್ತಿರ ಕಳಿಸಿದರು. ಏನೂ ಇರಲಿಲ್ಲ, ಬೀಡಿ ಬಿಡು ಎಂದು ಬೈಸಿಕೊಂಡು ಬಂದ. ಈಗ ಮಾಸ್ಟರ್ ಒಬ್ಬ ಡಾಕ್ಟರ ಮಾತನ್ನು ಇನ್ನೊಬ್ಬ ಡಾಕ್ಟರಿಗೆ ಮುಟ್ಟಿಸದೆ ಬಿಡುವುದಿಲ್ಲ, ಬೀಗರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇನೆ ಎನ್ನುತ್ತಾರೆ. ಹೋದ ಸಲದ ಸ್ಕ್ಯಾನಿನಲ್ಲಿ ಶ್ವಾಸಕೋಶ ಇದ್ದ ಹಾಗೇ ಇದೆ, ಕೆಟ್ಟಿಲ್ಲ ಎಂದಿದ್ದಾರೆ. ಕೂತು, ಹೊಗೆಯಿಲ್ಲದ ಕಡೆ, ಸ್ವಲ್ಪ ಹೊತ್ತು ಊದಬಹುದು ಎಂದೂ ಹೇಳಿದ್ದಾರೆ.

ಅದಾದ ಮೇಲೆಯೇ ಅವರು ಕೋಟು ತಂದು ನನ್ನ ಟೇಬಲ್ ಮೇಲೆ ಹಾಕಿದ್ದು. ಆರೋಗ್ಯಂಗೆ ಹೊಂದಿಸಬೇಕೆಂದರೆ ಎರಡೂ ಪಕ್ಕ ಬಿಚ್ಚಿ ಹಿಡಿಯಬೇಕಾಯಿತು. ಇನ್ನು ಔಷಧದ ಜೇಬು ಬೇಡವಲ್ಲ, ಕಿತ್ತುಬಿಡಲೇ ಎಂದು ಅಳತೆಗೆ ಬಂದ ಆರೋಗ್ಯಂನನ್ನು ಕೇಳಿದೆ. ಅವನು ಗಾಬರಿಯಾಗಿ ಕೋಟನ್ನು ನನ್ನ ಕೈಯಿಂದ ತೆಗೆದುಕೊಂಡ. ಮಾಸ್ಟರ್ ಪಕ್ಕದಲ್ಲೇ ಕೂತಿರುತ್ತಾರೆ, ಅವರ ಮಾತ್ರೆ ಮತ್ತೆ ಯಾರ ಹತ್ತಿರ ಇರಬೇಕು ಎಂದ. ಟಿಚ್ ಬಟನ್ನೂ ಹಾಗೇ ಇರಲಿ ಎಂದ. ಸರಿ, ಬಿಟ್ಟೆ.

ನಿನ್ನೆ ಕುಕ್ ಟೌನಿನ ಒಂದು ಹಳೇ ಬಂಗಲೆಯಲ್ಲಿ ಮದುವೆ. ಯಜಮಾನನಾಗಿ ಆರೋಗ್ಯಂದು ಮೊದಲನೆಯದು. ನನ್ನನ್ನು ಯಾರೂ ಕರೆದಿರಲಿಲ್ಲ, ಕೋಟು ಹೇಗೆ ಕೂತಿದೆ ನೋಡಬೇಕೆಂದು ನಾನೇ ಹೋದೆ. ಗೇಟಿನ ಒಳಗೆ ಮರದ ಕೆಳಗೆ ಕುರ್ಚಿ ಹಾಕಿ ಮಾಸ್ಟರನ್ನು ಕೂರಿಸಿದ್ದರು. ಬಿಳೀ ಜುಬ್ಬಾ, ಮೀಸೆಗೆ ಹೊಸ ಗೋರಂಟಿ. ಆಪಾ ಚೀಲದ ಜೊತೆ ಹಿಂದೆ ನಿಂತಿದ್ದರು. ಮೆರೂನ್ ಕೋಟಿನ ಆರೋಗ್ಯಂ ಹೊಸ ಜಾಗಕ್ಕೆ ಬರದೆ ಅಭ್ಯಾಸದ ಹಾಗೆ ಅವರ ಕುರ್ಚಿಯ ಅರ್ಧ ಹೆಜ್ಜೆ ಹಿಂದೆಯೇ ನಿಂತಿದ್ದ. ಕಾರು ಬಂತು. ಸಲಾಮಿ ನೀವೇ ಊದಬೇಕು ಎಂದು ಅವನು ಬಗ್ಗಿ ಹೇಳಿದ. ಮಾಸ್ಟರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿ ಕ್ಲಾರಿನೆಟ್ ಎತ್ತಿದರು.

ಸ್ವರ ಎದ್ದಿತು. ಹಳೆಯ ಸ್ವರವೇ. ಜನ ಮಾತು ನಿಲ್ಲಿಸಿದರು. ಹಿಂದಿನದರ ಅರ್ಧ ದೂರವೂ ಹೋಗಲಿಲ್ಲ, ತುಂಡಾಯಿತು. ಆರೋಗ್ಯಂ ಕ್ಲಾರಿನೆಟ್ ತುಟಿಯ ಮೇಲಿತ್ತು, ಬೆರಳುಗಳು ತೂತುಗಳ ಮೇಲಿದ್ದವು, ಕಣ್ಣು ತುಂಬಿತ್ತು. ಊದಲಿಲ್ಲ. ಕಾದ. ಬ್ಯಾಂಡು ಪೂರ್ತಿ ಕಾಯಿತು. ಆ ಮೌನದಲ್ಲಿ ಮಾಸ್ಟರ್ ಉಸಿರು ಎಳೆದುಕೊಂಡದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಎಳೆದುಕೊಂಡು, ಮಿಕ್ಕಿದ್ದನ್ನೂ ಅವರೇ ಊದಿದರು.